ಚಿಗರಿಯ ಪ್ರಸಂಗ

ಕಳೆದ ಡಿಸೆಂಬರಿನ ಕೊನೆಯ ವಾರ ಮಗಳು ತನ್ನ ಇಬ್ಬರು ಮಕ್ಕಳೊಡನೆ ಬೆಂಗಳೂರಿನಿಂದ ಅಣ್ಣಿಗೇರಿಗೆ ಬಂದಿದ್ದಳು. ಮೊಮ್ಮಗಳಿಗೆ ಆರು ವರ್ಷ, ಮೊಮ್ಮಗನಿಗೆ ಮೂರೂವರೆ. ಊರಿಗೆ ಹೋದರೆ ಅಜ್ಜ ಪ್ರಾಣಿಗಳನ್ನು ತೋರಿಸುತ್ತಾರೆ ಎಂಬ ಆಸೆಯನ್ನು ರೈಲು ಹತ್ತುವ ಮೊದಲೇ ಮಕ್ಕಳಲ್ಲಿ ಹುಟ್ಟಿಸಿ ತಂದಿದ್ದಳು. ಹೀಗಾಗಿ ಆ ಕೆಲಸ ನನ್ನ ಪಾಲಿಗೆ ಬಂದದ್ದು ನನ್ನನ್ನು ಕೇಳಿ ಅಲ್ಲ. ಆದರೂ ಮೂವತ್ತು ವರ್ಷ ವೇಳಾಪಟ್ಟಿ ಬರೆದು ಪಳಗಿದ ಅಧ್ಯಾಪಕನಿಗೆ ಒಂದು ದಿನದ ತಿರುಗಾಟವನ್ನು ಯೋಜಿಸುವುದು ಏನು ಮಹಾ ಎಂದುಕೊಂಡು, ಹಳೆಯ ಉತ್ತರಪತ್ರಿಕೆಯೊಂದರ ಖಾಲಿ ಹಾಳೆಯನ್ನು ತೆಗೆದುಕೊಂಡು ಕುಳಿತೆ.

ಮೊದಲ ಪ್ರಶ್ನೆ, ಎಲ್ಲಿಗೆ? ನಮ್ಮ ಕಡೆಯವರ ಮುಂದೆ ಎರಡು ದಾರಿಗಳಿವೆ. ಹುಬ್ಬಳ್ಳಿಯನ್ನು ದಾಟಿ ಹಾವೇರಿಯತ್ತ ಸಾಗಿದರೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಅಲ್ಲಿ ಎತ್ತು, ಎಮ್ಮೆ, ಕುರಿ, ದನಗಾಹಿ ಎಲ್ಲವೂ ಆಳೆತ್ತರದ ಬಣ್ಣದ ಶಿಲ್ಪಗಳು; ಅಲುಗಾಡುವುದಿಲ್ಲ, ಕಚ್ಚುವುದಿಲ್ಲ, ಮಕ್ಕಳು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಇನ್ನೊಂದು ದಾರಿ ಗದಗಿನತ್ತ. ಹುಲಕೋಟಿಯನ್ನು ದಾಟಿದ ಮೇಲೆ, ಗದಗ ಪಟ್ಟಣ ಮುಟ್ಟುವ ಮೊದಲೇ ಬಿಂಕದಕಟ್ಟಿಯ ಮೃಗಾಲಯ. ಅಣ್ಣಿಗೇರಿಯಿಂದ ಅರ್ಧ ತಾಸಿನ ಹಾದಿ. ಮೂರೂವರೆ ವರ್ಷದ ಮಗು ಗಾಡಿಯಲ್ಲಿ ಸಮಾಧಾನದಿಂದ ಕುಳಿತಿರುವ ಅವಧಿಯೂ ಹೆಚ್ಚು ಕಡಿಮೆ ಅಷ್ಟೇ. ದೂರದ ಲೆಕ್ಕವೇ ತೀರ್ಮಾನ ಮಾಡಿತು. ಮಂಗಳವಾರ ಬೇಡವೆಂದೆ, ಮೈಸೂರು, ಬನ್ನೇರುಘಟ್ಟಗಳಿಗೆ ಅಂದು ವಾರದ ರಜೆ ಇರುವುದನ್ನು ಬಲ್ಲವನು ಇಲ್ಲಿ ಪರೀಕ್ಷೆಗೆ ಇಳಿಯಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಡುವುದು. ಚಳಿಗಾಲದ ಬೆಳಗಿನಲ್ಲಿ ಪ್ರಾಣಿಗಳು ಬಿಸಿಲಿಗೆ ಬಂದು ಓಡಾಡಿಕೊಂಡಿರುತ್ತವೆ. ಹೊತ್ತು ನೆತ್ತಿಗೆ ಬಂದರೆ ನೆರಳು ಹಿಡಿದು ಮಲಗುತ್ತವೆ, ಆಮೇಲೆ ಎಷ್ಟು ಕೂಗಿದರೂ ಅಷ್ಟೆ. ಹನ್ನೆರಡೂವರೆಗೆ ಬುತ್ತಿ. ಎರಡಕ್ಕೆ ಸಣ್ಣವನ ನಿದ್ದೆ, ಅದು ಗಾಡಿಯಲ್ಲೇ ಆಗಲಿ. ಸಂಜೆ ಹೊತ್ತು ಮುಳುಗುವ ಮುಂಚೆ ಊಟ. ನಮ್ಮ ಮನೆಯಲ್ಲಿ ಬದಲಾಗದ ನಿಯಮ ಅದೊಂದೇ. ಆ ದಿನಗಳಲ್ಲಿ ಸಂಜೆ ಆರು ದಾಟಿ ಕೆಲವೇ ನಿಮಿಷಕ್ಕೆ ಹೊತ್ತು ಮುಳುಗುವುದರಿಂದ ಐದರೊಳಗೆ ಮನೆಯಲ್ಲಿರಬೇಕು.

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ನನ್ನೊಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ. ಮೊಮ್ಮಗಳಿಗೆ ಅವಳ ಅಜ್ಜಿ ಇಪ್ಪತ್ತನಾಲ್ಕು ತೀರ್ಥಂಕರರ ಲಾಂಛನಗಳನ್ನು ಬಾಯಿಪಾಠ ಮಾಡಿಸಿದ್ದಾಳೆ. ತಾವರೆ, ಸ್ವಸ್ತಿಕ, ಚಂದ್ರ, ಶಂಖ ಮೊದಲಾದ ಎಂಟನ್ನು ಬಿಟ್ಟರೆ ಉಳಿದ ಹದಿನಾರೂ ಪ್ರಾಣಿಪಕ್ಷಿಗಳೇ. ಆದಿನಾಥನ ವೃಷಭದಿಂದ ಹಿಡಿದು ಮಹಾವೀರನ ಸಿಂಹದವರೆಗೆ ಹದಿನಾರನ್ನೂ ಬರೆದು, ಪಕ್ಕದಲ್ಲಿ ಒಂದೊಂದು ಚೌಕ ಎಳೆದು ಅವಳ ಕೈಗೆ ಕೊಟ್ಟೆ. ಕಂಡದ್ದಕ್ಕೆ ಗುರುತು ಹಾಕಬೇಕು. ಎತ್ತು, ಕುದುರೆ, ಆಡು, ಕೋಣಗಳು ದಾರಿಯಲ್ಲೇ ಸಿಕ್ಕಾವು. ಘೇಂಡಾಮೃಗದ ಆಸೆ ಬಿಡುವುದು. ಉಳಿದವುಗಳಿಗೆ ಒಂದೊಂದಕ್ಕೆ ಹತ್ತು ಹನ್ನೆರಡು ನಿಮಿಷ. ಮಗಳು ಆ ಹಾಳೆಯನ್ನು ಓದಿ, “ಅಪ್ಪಾ, ಇದು ಪ್ರವಾಸಲ್ಲ, ಪರೀಕ್ಷಾ” ಎಂದಳು. ಬನ್ನೇರುಘಟ್ಟದಲ್ಲಿ ತಾನೂ ಎಲ್ಲವನ್ನೂ ತೋರಿಸಲು ಹೋಗಿ ಕೊನೆಗೆ ಎರಡೂ ಮಕ್ಕಳನ್ನು ಹೊತ್ತುಕೊಂಡು ಬಂದ ಕಥೆಯನ್ನು ಹೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಗಾಡಿ ನನ್ನ ತಮ್ಮನದು. ಅವನು ನವಲಗುಂದದ ದಾರಿಯಲ್ಲಿರುವ ನಮ್ಮ ಹಿರಿಯರ ಎರೆಹೊಲವನ್ನು ಮಾಡಿಕೊಂಡಿದ್ದಾನೆ. ನಾನು ಓದಿ ಪಗಾರಕ್ಕೆ ನಿಂತೆ, ಅವನು ಹೊಲಕ್ಕೆ ನಿಂತ. ನಮ್ಮ ಭಾಗದ ಬಹಳ ಮನೆಗಳ ಕಥೆ ಇದೇ. ಆ ದಿನ ಬೆಳಿಗ್ಗೆ ಬಂದಾಗ ಅವನ ಕಣ್ಣು ಕೆಂಪಗಿದ್ದವು. ಹಿಂದಿನ ರಾತ್ರಿ ಹೊಲ ಕಾದು ನೇರವಾಗಿ ಬಂದಿದ್ದ. ಹಿಂಗಾರಿನ ಕಡಲೆ ಆಗ ಕಾಯಿ ಕಟ್ಟುವ ಹದದಲ್ಲಿರುತ್ತದೆ. ಅದೇ ಹದದಲ್ಲಿ ಚಿಗರಿಗಳ ಹಿಂಡು ಇಳಿಯುತ್ತದೆ. ಮೇಯುವುದಕ್ಕಿಂತ ತುಳಿಯುವುದೇ ಹೆಚ್ಚು. ಹಳೆಯ ಸೀರೆಗಳನ್ನು ಬದುವಿನುದ್ದಕ್ಕೂ ಕಟ್ಟುವುದು, ತಾಟು ಬಡಿಯುವುದು, ಪಟಾಕಿ ಹಚ್ಚುವುದು, ಇವೆಲ್ಲ ನಾಲ್ಕು ದಿನದ ಉಪಾಯ. ಐದನೆಯ ದಿನಕ್ಕೆ ಅವು ಸೀರೆಯ ಬಣ್ಣವನ್ನೂ ಪಟಾಕಿಯ ಸದ್ದನ್ನೂ ಕಲಿತಿರುತ್ತವೆ. ನವಲಗುಂದ, ಅಣ್ಣಿಗೇರಿ, ಅತ್ತ ರೋಣದ ಎರೆಯ ಬಯಲಿನಲ್ಲೆಲ್ಲ ರೈತರ ಬಾಯಲ್ಲಿ ಪ್ರತಿವರ್ಷ ಇದೇ ಗೋಳು.

ಇಲ್ಲಿ ಒಂದು ಮಾತನ್ನು ಹೇಳಿಬಿಡಬೇಕು. ನನ್ನ ಪಿಎಚ್.ಡಿ. ಮಹಾಪ್ರಬಂಧದ ವಿಷಯ ಹಳಗನ್ನಡ ಕಾವ್ಯಗಳಲ್ಲಿ ಬೇಟೆ. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಖಾಂಡವ ದಹನಕ್ಕೆ ಮುನ್ನ ಬರುವ ಬೇಟೆಯ ಪ್ರಸಂಗದ ಮೇಲೆಯೇ ನನ್ನದೊಂದು ಅಧ್ಯಾಯವಿದೆ. ಮೃಗದ ಹೆಜ್ಜೆ, ಗಾಳಿಯ ದಿಕ್ಕು, ಬಲೆ, ನಾಯಿ, ದೀವ ಇವುಗಳ ಬಗೆಗೆ ಮುನ್ನೂರು ಪುಟ ಬರೆದವನು ನಾನು. ತಮ್ಮನ ಹೊಲದಲ್ಲಿ ಒಂದು ರಾತ್ರಿಯನ್ನೂ ಕಾವಲಿಗೆ ಕಳೆದವನಲ್ಲ.

ಗಾಡಿ ಹುಲಕೋಟಿಯನ್ನು ದಾಟುವಾಗ ನನ್ನ ತಲೆಯಲ್ಲಿ ಸೋಮೇಶ್ವರನಿದ್ದ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅರ್ಥಾತ್ ‘ಅಭಿಲಷಿತಾರ್ಥ ಚಿಂತಾಮಣಿ’ಯನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಅಡುಗೆಯ ಪ್ರಕರಣಕ್ಕಾಗಿ ಇಲ್ಲವೆ ಸಂಗೀತಕ್ಕಾಗಿ ಉಲ್ಲೇಖಿಸುತ್ತಾರೆ. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ನಾಲ್ಕನೆಯದು ಪೂರ್ತಿ ವಿನೋದಕ್ಕೆ ಮೀಸಲು. ಅದರ ದೊಡ್ಡ ಪಾಲು ಪ್ರಾಣಿಗಳದೇ: ಆನೆಯ ಓಟ, ಕುದುರೆಯ ಆಟ, ಕೋಳಿ ಕಾಳಗ, ಲಾವಕ್ಕಿಯ ಕಾಳಗ, ಟಗರಿನ ಕಾಳಗ, ಕೋಣದ ಕಾಳಗ, ಪಾರಿವಾಳ, ನಾಯಿ, ಗಿಡುಗ, ಮೀನು, ಕಡೆಗೆ ಮೃಗವಿನೋದ. ರಾಜನ ಮನರಂಜನೆಗೆ ಯಾವ ಪ್ರಾಣಿಯನ್ನು ಹೇಗೆ ಸಾಕಬೇಕು, ಹೇಗೆ ಸಿದ್ಧಗೊಳಿಸಬೇಕು ಎಂಬುದನ್ನು ಒಬ್ಬ ದೊರೆಯೇ ಕುಳಿತು ಅಚ್ಚುಕಟ್ಟಾಗಿ ಬರೆದಿಟ್ಟಿದ್ದಾನೆ. ಪ್ರಾಣಿಗಳನ್ನು ನೋಡಿ ಆನಂದಿಸುವ ಹೊತ್ತನ್ನು ಹೀಗೆ ಯೋಜಿಸಿದವರು ನಮ್ಮ ನೆಲದಲ್ಲಿ ಅವನಿಗಿಂತ ಹಿಂದೆ ಇದ್ದರೂ, ಇಷ್ಟು ವಿವರವಾಗಿ ಬರೆದವರು ಅಪರೂಪ. ಅವನ ಮೊಮ್ಮಗ ನಾಲ್ಕನೆಯ ಸೋಮೇಶ್ವರ ಆಳಿದ್ದು ನಮ್ಮ ಅಣ್ಣಿಗೇರಿಯಿಂದಲೇ. ಟಗರಿನ ಕಾಳಗವಂತೂ ನಮ್ಮ ಹಳ್ಳಿಗಳಲ್ಲಿ ಇನ್ನೂ ನಡೆಯುತ್ತದೆ. ಗ್ರಂಥ ಸಂಸ್ಕೃತದ್ದಾದರೂ ಆಟ ಊರಿನದೇ. ಅರಮನೆಯ ಈ ಹವ್ಯಾಸ ಜನರ ಕಣ್ಣಿಗೆ ತೆರೆದುಕೊಂಡದ್ದು ಬಹಳ ತಡವಾಗಿ. ಚಾಮರಾಜ ಒಡೆಯರ ಕಾಲದಲ್ಲಿ, 1892ರಲ್ಲಿ, ಮೈಸೂರಿನ ಮೃಗಾಲಯ ಹುಟ್ಟಿತು. ಬಿಂಕದಕಟ್ಟಿಯಂತಹವು ಅದರ ಕಿರಿಯ ಸಂತಾನ. ಇವುಗಳ ಉದ್ದೇಶ ಬೇರೆ, ಕಾನೂನು ಬೇರೆ ಎಂಬುದನ್ನು ಒಪ್ಪುತ್ತೇನೆ. ಆದರೂ ಟಿಕೆಟ್ಟು ಕೊಂಡು ಒಳಗೆ ಹೋಗುವಾಗ ನಾವೆಲ್ಲ ಒಂದು ಗಳಿಗೆ ಸೋಮೇಶ್ವರನ ಪರಿವಾರದವರೇ ಆಗುತ್ತೇವೆ.

ಒಳಗೆ ಹೋದೊಡನೆ ನನ್ನ ಯೋಜನೆ ಬಿದ್ದುಹೋಯಿತು. ಬಾಗಿಲಿನಿಂದ ಇಪ್ಪತ್ತು ಹೆಜ್ಜೆಯಲ್ಲಿ ಒಬ್ಬ ಕೆಲಸಗಾರ ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದ. ಸಣ್ಣವನು ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟ. ನೀರು ಮಣ್ಣಿನಲ್ಲಿ ಹರಿದು ಒಂದು ಇರುವೆಗೂಡನ್ನು ಮುಟ್ಟಿತ್ತು. ಇರುವೆಗಳು ಬಿಳಿಯ ತತ್ತಿಗಳನ್ನು ಹೊತ್ತು ಓಡುತ್ತಿದ್ದವು. “ಹುಲಿ ನೋಡೋಣ ಬಾ” ಎಂದೆ. ಬರಲಿಲ್ಲ. “ಮೊಸಳೆ” ಎಂದೆ. ತಲೆಯೆತ್ತಲಿಲ್ಲ. ಹತ್ತು ರೂಪಾಯಿ ಖರ್ಚಿಲ್ಲದೆ ಮನೆಯ ಹಿತ್ತಲಲ್ಲಿ ಕಾಣುವ ಇರುವೆಯನ್ನು ನೋಡಲು ಇಷ್ಟು ದೂರ ಬಂದೆವೇ ಎಂದು ನನಗೆ ಸಿಟ್ಟು ಬಂತು. ಇಪ್ಪತ್ತೈದು ನಿಮಿಷ ಹೋಯಿತು. ಆ ಇಪ್ಪತ್ತೈದು ನಿಮಿಷದಲ್ಲಿ ನನ್ನ ತಮ್ಮ ಮೊಮ್ಮಗನ ಪಕ್ಕದಲ್ಲಿ ಕುಳಿತು ಕಾಲುವೆಯನ್ನು ಬೆರಳಿನಿಂದ ತಿರುವಿ, ನೀರು ಗೂಡಿನ ಕಡೆ ಹರಿಯದಂತೆ ಮಾಡಿದ್ದ. ರೈತನಿಗೆ ನೀರು ತಿರುವುವುದು ಕೈಗೆ ಬಂದ ಕೆಲಸ, ಹೇಳಿಕೊಡಬೇಕಾಗಿಲ್ಲ.

ಹುಲಿ ಮಲಗಿತ್ತು. ಹುಲ್ಲಿನ ನಡುವೆ ಒಂದು ಕಿವಿ ಕಂಡಿತು, ಅದೂ ನೊಣ ಕುಳಿತಾಗ. ಮೂರು ನಿಮಿಷ. ನವಿಲಿನ ಕೂಗಿಗೆ ಸಣ್ಣವನು ಹೆದರಿ ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿದ. ಮೊಸಳೆಯನ್ನು ಮೊಮ್ಮಗಳು ನಂಬಲೇ ಇಲ್ಲ; ಅಲುಗಾಡದಿರುವುದರಿಂದ ಅದು ಗೊಂಬೆ ಎಂದು ತೀರ್ಮಾನಿಸಿ, ಪುಷ್ಪದಂತನ ಚೌಕವನ್ನು ಖಾಲಿ ಬಿಟ್ಟಳು. ಅಷ್ಟು ಪ್ರಾಮಾಣಿಕತೆಯನ್ನು ನಾನು ಸಂಶೋಧನ ವಿದ್ಯಾರ್ಥಿಗಳಲ್ಲಿಯೂ ಅಪರೂಪಕ್ಕೆ ಕಂಡಿದ್ದೇನೆ.

ಆಮೇಲೆ ಬಂದದ್ದು ಚಿಗರಿಗಳ ಆವರಣ. ಫಲಕದಲ್ಲಿ ಕೃಷ್ಣಮೃಗ ಎಂದು ಬರೆದಿತ್ತು. ಮೊಮ್ಮಗಳು ಕೂಡಿಸಿ ಕೂಡಿಸಿ ಓದಿ, “ಅಜ್ಜ, ಜಿಂಕೆ ಅಲ್ವಾ ಇದು?” ಎಂದಳು. ಹೌದು, ಶಾಂತಿನಾಥನದು, ಗುರುತು ಹಾಕು ಎಂದೆ. ಹಿಂದಿನಿಂದ ತಮ್ಮ ಒಂದೇ ಪದ ಹೇಳಿದ: “ಚಿಗರಿ.”

ಆ ಪದ ಅವಳಿಗೆ ಗೊತ್ತಿತ್ತು. ಎರಡು ದಿನದಿಂದ ಮನೆಯಲ್ಲಿ ಹಗಲು ರಾತ್ರಿ ಅದನ್ನೇ ಕೇಳಿದ್ದಳು, ಅದರ ಹಿಂದೆ ಮುಂದೆ ಬರುವ ಬೈಗುಳಗಳ ಸಮೇತ. ಕೈಯಲ್ಲಿದ್ದ ಪೆನ್ಸಿಲು ಹಾಗೆಯೇ ನಿಂತಿತು. “ಸಣ್ಣಜ್ಜ, ನೀವು ಬೈತೀರಲ್ಲ, ಅದೇ ಚಿಗರಿನಾ?”

“ಹೂನವ್ವಾ, ಅದ.”

ಬೇಲಿಯ ಆಚೆ ಹೆಣ್ಣು ಚಿಗರಿಗಳು ಐದಾರು, ಕಾಲು ಮಡಚಿ ಕುಳಿತು ಮೆಲುಕು ಹಾಕುತ್ತಿದ್ದವು. ಅವಕ್ಕೆ ಕೊಂಬಿಲ್ಲ, ಮೈಬಣ್ಣ ಒಣಹುಲ್ಲಿನದು. ಗಂಡು ಒಂದೇ. ಬೆನ್ನು ನಮ್ಮ ಎರೆಮಣ್ಣಿನಷ್ಟು ಕಪ್ಪು, ಹೊಟ್ಟೆ ಬೆಳ್ಳಗೆ, ಕಣ್ಣಿನ ಸುತ್ತ ಬಿಳಿಯ ಉಂಗುರ, ತಿರುಚಿಕೊಂಡು ಮೇಲೇರಿದ ಕೊಂಬು. ಅದು ನಿಧಾನವಾಗಿ ಬೇಲಿಯ ಹತ್ತಿರ ಬಂದು ನಿಂತಿತು. ತಮ್ಮನೂ ನಿಂತ. ನಾನು ಗಡಿಯಾರ ನೋಡಿದೆ. ಕರಡಿ, ಆಮೆ ಇನ್ನೂ ಉಳಿದಿದ್ದವು. ಅವನು ಕದಲಲಿಲ್ಲ.

“ಇಷ್ಟು ಹತ್ತರದಿಂದ ಇದನ್ನ ನೋಡೇ ಇಲ್ಲ ಅಣ್ಣಾ” ಎಂದ. “ಹುಟ್ಟಿದಾಗಿಂದ ನೋಡಾಕತ್ತೇನಿ, ನಮಗ ಕಾಣೂದು ಬರೇ ಬೆನ್ನು.”

ಕೃಷ್ಣಮೃಗ ಕಾಡಿನ ಪ್ರಾಣಿಯಲ್ಲ ಎಂಬುದನ್ನು ಓದುಗರಲ್ಲಿ ಕೆಲವರಾದರೂ ಗಮನಿಸಿರಲಾರರು. ದಟ್ಟ ಮರಗಳ ನಡುವೆ ಅದಕ್ಕೆ ಬದುಕಿಲ್ಲ. ದೂರಕ್ಕೆ ಕಣ್ಣು ಹಾಯುವ ಬಯಲು, ಮೋಟು ಹುಲ್ಲು, ಓಡಲು ಜಾಗ, ಇಷ್ಟು ಬೇಕು. ಅಂದರೆ ನವಲಗುಂದ ಅಣ್ಣಿಗೇರಿಗಳ ಬಯಲು ಅದು ಅತಿಕ್ರಮಿಸಿದ ನೆಲವಲ್ಲ, ಅದರ ಸ್ವಂತ ಮನೆ. ನೇಗಿಲು ಆ ಹುಲ್ಲುಗಾವಲನ್ನು ಹೊಲ ಮಾಡಿತು. ಹುಲ್ಲಿದ್ದಲ್ಲಿ ಕಡಲೆ, ಹತ್ತಿ, ಗೋಧಿ ಬಂದವು. ಅದಕ್ಕಾಗಿ ಮೀಸಲಾದ ನೆಲವೂ ಇದೆ: ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, 1974ರಲ್ಲಿ ಘೋಷಿತವಾದದ್ದು, 119 ಚದರ ಕಿಲೋಮೀಟರು. ಆದರೆ ನಮ್ಮ ಕಡೆಯ ಹಿಂಡುಗಳಿಗೆ ಆ ವಿಳಾಸವನ್ನು ಹೇಳುವವರು ಯಾರು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಹುಲಿಯ ಸಾಲಿನಲ್ಲಿಯೇ ಚಿಗರಿಯೂ ಇದೆ. ಕೊಂದವನಿಗೆ ಸೆರೆವಾಸ. ಇದು ಸರಿಯಾದ ಕಾಯಿದೆ ಎಂದೇ ನಾನು ತಿಳಿದಿದ್ದೇನೆ, ತರಗತಿಯಲ್ಲಿ ಅಹಿಂಸೆಯನ್ನು ವಿವರಿಸುವಾಗ ಉದಾಹರಿಸಿಯೂ ಇದ್ದೇನೆ.

ತಮ್ಮ ಅಲ್ಲಿದ್ದ ಕಾವಲುಗಾರನನ್ನು ಮಾತಿಗೆಳೆದ. ಇದಕ್ಕೆ ಏನು ಹಾಕುತ್ತೀರಿ, ಎಷ್ಟು ಹೊತ್ತಿಗೆ ಹಾಕುತ್ತೀರಿ, ಎಲ್ಲವನ್ನೂ ಎತ್ತಿಗೆ ಮೇವು ವಿಚಾರಿಸುವ ಹಾಗೆಯೇ ವಿಚಾರಿಸಿದ. ಹಸಿಮೇವು, ಕಾಳು ಎಂದ ಆತ. “ಒಳಗಿನವುಕ್ಕ ನೀವು ಹಾಕ್ತೀರಿ, ಹೊರಗಿನವುಕ್ಕ ನಾ ಹಾಕ್ತೇನಿ” ಎಂದ ತಮ್ಮ. ಇಬ್ಬರೂ ನಕ್ಕರು. ಮೊಮ್ಮಗಳು ನಗಲಿಲ್ಲ. ಅವಳಿಗೆ ಇತ್ಯರ್ಥವಾಗಬೇಕಾದದ್ದು ಬೇರೆ ಇತ್ತು.

“ಸಣ್ಣಜ್ಜ, ಇದು ಒಳ್ಳೇದಾ ಕೆಟ್ಟದ್ದಾ?”

“ಇಲ್ಲಿದ್ರ ಚಲೋ. ಹೊಲದಾಗಿದ್ರ ಕೆಟ್ಟದ್ದು.”

“ಇಲ್ಲಿರೋದು ಏನೂ ಮಾಡಿಲ್ವಲ್ಲ. ಮತ್ತೆ ಇದನ್ಯಾಕೆ ಒಳಗೆ ಹಾಕಿದಾರೆ?”

ತಮ್ಮ ನನ್ನ ಮುಖ ನೋಡಿದ. ನಾನು ಸಂತಾನೋತ್ಪತ್ತಿ, ಸಂರಕ್ಷಣೆ, ಗಾಯಗೊಂಡ ಪ್ರಾಣಿಗಳ ಆರೈಕೆ ಎಂದೆಲ್ಲ ಆರಂಭಿಸಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಬೇಲಿಯ ಕಂಬಿಗೆ ಹಣೆ ತಾಗಿಸಿ ನಿಂತಳು. ಸುಮಾರು ಮುಕ್ಕಾಲು ತಾಸು ನಾವು ಅಲ್ಲಿಯೇ ಇದ್ದೆವು. ಆ ಹೊತ್ತಿನಲ್ಲಿ ನಡೆದದ್ದು ಏನೂ ಇಲ್ಲ. ಗಂಡು ಚಿಗರಿ ಕತ್ತು ಹಿಂದಕ್ಕೆ ಚೆಲ್ಲಿ ಎರಡು ಸುತ್ತು ಹಾಕಿತು, ಒಂದು ಹೆಣ್ಣು ಎದ್ದು ಜಾಗ ಬದಲಿಸಿತು, ಮೊಮ್ಮಗಳು ಅದರ ದವಡೆ ಎಡಕ್ಕೆ ಎಷ್ಟು ಸಲ, ಬಲಕ್ಕೆ ಎಷ್ಟು ಸಲ ಆಡುತ್ತದೆ ಎಂದು ಎಣಿಸಿದಳು. ಹದಿನಾರು ಚೌಕಗಳ ಹಾಳೆ ಆಗಲೇ ಎಲ್ಲೋ ಬಿದ್ದುಹೋಗಿತ್ತು. ಸಣ್ಣ ಮಕ್ಕಳನ್ನು ಕರೆದುಕೊಂಡು ಹೊರಡುವವರಿಗೆ ನನ್ನ ಅನುಭವದಿಂದ ಹೇಳುವುದಾದರೆ, ಅರ್ಧ ದಿನಕ್ಕೆ ಎರಡು ಪ್ರಾಣಿ ಸಾಕು, ಮೂರು ಹೆಚ್ಚು. ಒಂದು ಪದ್ಯಕ್ಕೆ ಒಂದು ತಾಸು ಕೊಡುತ್ತಿದ್ದ ಗುರುಗಳ ಬಳಿ ಓದಿದ ನಾನೇ, ಪಠ್ಯ ಮುಗಿಸುವ ಅವಸರದಲ್ಲಿ ಒಂದು ತಾಸಿಗೆ ಹತ್ತು ಪದ್ಯ ಓಡಿಸುವವನಾಗಿದ್ದೇನೆ. ಮಕ್ಕಳಿಗೆ ಪಠ್ಯ ಮುಗಿಸುವ ಹಂಗಿಲ್ಲ.

ಆಗ ನನಗೆ ‘ದೀವ’ ನೆನಪಾಯಿತು. ಹಳಗನ್ನಡದಲ್ಲಿ ದೀವವೆಂದರೆ ಕಾಡಿನ ಮೃಗವನ್ನು ಸೆಳೆಯಲು ಪಳಗಿಸಿ ಮುಂದೆ ಬಿಡುವ ಮೃಗ. ತನ್ನ ಜಾತಿಯದೇ ಒಂದು ನೆಮ್ಮದಿಯಾಗಿ ಮೇಯುವುದನ್ನು ಕಂಡು ಹೊರಗಿನದು ಹತ್ತಿರ ಬರುತ್ತದೆ, ಮರೆಯಲ್ಲಿದ್ದ ಬೇಟೆಗಾರನಿಗೆ ಸಿಕ್ಕುತ್ತದೆ. ಬೇಟೆಯ ಸಾಮಗ್ರಿಗಳಲ್ಲಿ ಇದರಷ್ಟು ಕ್ರೂರವಾದದ್ದು ಇನ್ನೊಂದಿಲ್ಲ ಎಂದು ನಾನು ಪ್ರಬಂಧದಲ್ಲಿ ಬರೆದಿದ್ದೆ. ಬಿಂಕದಕಟ್ಟಿಯ ಆ ಒಂಟಿ ಗಂಡು ಕೂಡ ದೀವದಂತೆಯೇ ನಿಂತಿತ್ತು. ವ್ಯತ್ಯಾಸವೆಂದರೆ ಇಲ್ಲಿ ಹತ್ತಿರ ಸೆಳೆಯಲ್ಪಟ್ಟವರು ನಾವು.

ಬುತ್ತಿ ಬಿಚ್ಚುವಾಗ ಒಂದೂವರೆ. ಮರದ ನೆರಳಿನಲ್ಲಿ ಚಪಾತಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ, ಮೊಸರನ್ನ. ಮೊಮ್ಮಗಳು ಇನ್ನೂ ಒಳಗೆ ಹಾಕಿದ್ದರ ಕಾರಣವನ್ನೇ ಕೇಳುತ್ತಿದ್ದುದರಿಂದ ನಾನು ನೇಮಿನಾಥನ ಕಥೆಯನ್ನು ಹೇಳಿದೆ. ಮದುವೆಗೆ ಹೊರಟ ನೇಮಿಕುಮಾರನಿಗೆ ದಾರಿಯಲ್ಲಿ ಕೂಡಿಹಾಕಿದ ಮೃಗಗಳ ಆಕ್ರಂದನ ಕೇಳುತ್ತದೆ. ಇವೇಕೆ ಇಲ್ಲಿ ಎಂದು ಕೇಳುತ್ತಾನೆ. ನಿನ್ನ ಮದುವೆಗೆ ಬಂದ ಅತಿಥಿಗಳ ಊಟಕ್ಕೆ ಎಂಬ ಉತ್ತರ ಬರುತ್ತದೆ. ಅವನು ಅವುಗಳನ್ನು ಬಿಡಿಸಿ, ಮದುವೆಯನ್ನೂ ರಾಜ್ಯವನ್ನೂ ಬಿಟ್ಟು ಊರ್ಜಯಂತಗಿರಿಗೆ ಹೋಗುತ್ತಾನೆ. ಜೈನ ಪುರಾಣಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ಸನ್ನಿವೇಶ ಇದು. ನೇಮಿಚಂದ್ರನ ನೇಮಿನಾಥ ಪುರಾಣ ಕಂಸವಧೆಗೇ ನಿಂತುಹೋಗಿ ‘ಅರ್ಧನೇಮಿ’ ಎನಿಸಿಕೊಂಡಿತಲ್ಲ, ಆ ಅಪೂರ್ಣತೆಯ ಬಗೆಗೆ ನನಗಿರುವ ದುಃಖ ಮುಖ್ಯವಾಗಿ ಇದೇ: ಅಂತಹ ಕವಿಯ ಲೇಖನಿ ಆ ಮೃಗಗಳ ಕೊಟ್ಟಿಗೆಯವರೆಗೆ ಬರಲಿಲ್ಲ.

ಕಥೆ ಮುಗಿದಾಗ ಮೊಮ್ಮಗಳು ಕೇಳಿದಳು: “ಬಿಟ್ಟ ಮೇಲೆ ಅವು ಎಲ್ಲಿಗೆ ಹೋದವು?”

“ನಮ್ಮ ಹೊಲಕ್ಕ” ಎಂದ ತಮ್ಮ, ಚಪಾತಿ ಮುರಿಯುತ್ತ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಎರೆಯಲ್ಲಿ ಚಿಗರಿಗಳೂ ಇರಬೇಕು, ಸಹನೆ ನಮ್ಮದಾಗಬೇಕು ಎಂಬ ಅರ್ಥದ ಏನನ್ನೋ ನಾನು ಹೇಳಿದೆ. ತರಗತಿಯಲ್ಲಾದರೆ ಅದು ಚೆನ್ನಾದ ವಾಕ್ಯ. ತಮ್ಮ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ.

“ಅಣ್ಣಾ, ನಿನಗೇನು? ಒಂದನೇ ತಾರೀಖಿಗೆ ಪಗಾರ ಬರತೈತಿ. ನಿನ್ನ ಪಗಾರ ಚಿಗರಿ ತಿಂದು ಹೋಗೂದಿಲ್ಲ. ನಾ ಇವತ್ತಿನ ತನಕ ಒಂದಕ್ಕರ ಕಲ್ಲು ತಾಗಸೇನೇನು? ನಿದ್ದಿ ಬಿಟ್ಟು ಕಾಯತೇನಿ. ಹೋ ಅಂತೇನಿ. ಅದು ಅಹಿಂಸಾ ಅಲ್ಲೇನು? ನೀ ಬರದದ್ದಷ್ಟ ಅಹಿಂಸಾನು?”

ನನ್ನ ಪತ್ನಿ ಮೊಸರನ್ನದ ಡಬ್ಬಿಯನ್ನು ಅವನತ್ತ ಸರಿಸಿದಳು. ಮಗಳು ಮಕ್ಕಳ ಕೈ ತೊಳೆಸುವ ನೆವದಲ್ಲಿ ಎದ್ದಳು. ಉತ್ತರ ಕೊಡಬೇಕಾಗಿದ್ದವನು ನಾನೊಬ್ಬನೇ, ಕೊಡಲಿಲ್ಲ. ಪುರಾಣದ ಕಣ್ಣು ನೇಮಿಯ ಬೆನ್ನು ಹತ್ತಿ ಗಿರಿಯನ್ನು ಏರುತ್ತದೆ. ಬಿಡುಗಡೆಯಾದ ಮೃಗಗಳು ಆ ಸಂಜೆ ಯಾರ ಬೆಳೆಗೆ ಬಾಯಿ ಹಾಕಿದವು, ಆ ಹೊಲದ ಒಡೆಯ ಏನು ಮಾಡಿದ ಎಂಬುದರ ಕಡೆಗೆ ಅದು ತಿರುಗುವುದಿಲ್ಲ. ತಿರುಗಬೇಕಾಗಿಯೂ ಇಲ್ಲ, ಅದು ತೀರ್ಥಂಕರನ ಚರಿತೆ. ಆದರೆ ಮುನ್ನೂರು ಪುಟ ಬರೆದ ಸಂಶೋಧಕ ಒಮ್ಮೆಯಾದರೂ ತಿರುಗಬಹುದಾಗಿತ್ತು. ಬೇಟೆಯೆಂದರೆ ರಾಜನ ವಿಲಾಸ ಎಂದೇ ನಾನು ಪ್ರಬಂಧದುದ್ದಕ್ಕೂ ಓದಿಕೊಂಡು ಹೋದೆ. ರಾಜನು ಬೇಟೆಗೆ ಹೊರಟಾಗ ಬೆಳೆ ಕಳೆದುಕೊಂಡು ಕುಳಿತ ಒಬ್ಬ ಒಕ್ಕಲಿಗನಾದರೂ ಅದನ್ನು ತನ್ನ ರಕ್ಷಣೆ ಎಂದು ಕಂಡಿರಬಹುದಲ್ಲ ಎಂಬ ಪ್ರಶ್ನೆ ನನಗೆ ಮೂವತ್ತು ವರ್ಷ ಹೊಳೆಯದೆ, ಒಂದು ಮರದ ನೆರಳಲ್ಲಿ, ಬುತ್ತಿಯ ಮುಂದೆ ಹೊಳೆಯಿತು. ಬೇಟೆಯನ್ನು ಸಮರ್ಥಿಸಲು ಇದನ್ನು ಹೇಳುತ್ತಿಲ್ಲ. ಓದಿನಲ್ಲಿ ಒಬ್ಬ ಮನುಷ್ಯ ಬಿಟ್ಟುಹೋಗಿದ್ದ ಎಂದಷ್ಟೇ ಹೇಳುತ್ತಿದ್ದೇನೆ. ಅವನು ನನ್ನ ತಮ್ಮನ ಹಾಗಿದ್ದಿರಬೇಕು.

ಕರಡಿಯನ್ನೂ ಆಮೆಯನ್ನೂ ನೋಡದೆಯೇ ಹೊರಟೆವು. ಸಣ್ಣವನು ಗಾಡಿ ಹೊರಡುವ ಮೊದಲೇ ಮಲಗಿದ. ಯೋಜನೆಯಲ್ಲಿ ಸರಿಹೋದದ್ದು ಅದೊಂದೇ. ಅಣ್ಣಿಗೇರಿ ತಲುಪಿದಾಗ ಇನ್ನೂ ನಾಲ್ಕು ದಾಟಿತ್ತಷ್ಟೆ. ಇಳಿಯುವಾಗ ಮೊಮ್ಮಗಳು ಸಣ್ಣಜ್ಜನ ಹೊಲದ ಚಿಗರಿಗಳನ್ನೂ ನೋಡಬೇಕೆಂದು ಹಟ ಹಿಡಿದಳು. ತಮ್ಮ ನನ್ನ ಕಡೆ ನೋಡದೆ, “ನೀನೂ ಬಾ” ಎಂದ. ಅದು ಊಟದ ಹೊತ್ತಿನ ಮಾತಿನ ನಂತರ ಅವನು ನನಗೆ ಆಡಿದ ಮೊದಲ ಮಾತು.

ನವಲಗುಂದದ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ಬಂಡಿದಾರಿಗೆ ತಿರುಗಿದೆವು. ಕಡಲೆಯ ಹಸಿರು ಕಣ್ಣು ಹಾಯುವವರೆಗೆ. ಬದುವಿನ ಗೂಟಗಳಿಗೆ ಕಟ್ಟಿದ ಸೀರೆಗಳಲ್ಲಿ ಒಂದನ್ನು ನನ್ನ ಪತ್ನಿ ಗುರುತಿಸಿದಳು. ಅದು ನಮ್ಮ ತಾಯ್ತಂದೆಯರ ಕಾಲದ್ದು, ಅಮ್ಮ ಹಬ್ಬಕ್ಕೆ ಉಡುತ್ತಿದ್ದ ಇಳಕಲ್ಲ ಸೀರೆ. ತಮ್ಮ ಮಕ್ಕಳಿಗೆ ಸುಲಗಾಯಿ ಕಿತ್ತು ಕೊಟ್ಟ. ಎಲೆಯ ಮೇಲಿನ ಹುಳಿಯನ್ನು ಬೆರಳಿಗೆ ಹತ್ತಿಸಿ ನೆಕ್ಕಿಸಿದ. ಮೊಮ್ಮಗ ಮುಖ ಸಿಂಡರಿಸಿ ಮತ್ತೆ ಬೆರಳು ಚಾಚಿದ. ಬೆಳೆಯ ನಡುವೆ ಅಲ್ಲಲ್ಲಿ ಚಾಪೆ ಹಾಸಿದಂತೆ ನೆಲಕ್ಕೆ ಒರಗಿದ ತಾಣಗಳಿದ್ದವು. ಅವು ರಾತ್ರಿ ಮಲಗೆದ್ದ ಗುರುತು ಎಂದು ತೋರಿಸಿದ. ಒಂದೊಂದರ ಅಳತೆಯೂ ಬೆಳಿಗ್ಗೆ ಬಿಂಕದಕಟ್ಟಿಯಲ್ಲಿ ಕಾಲು ಮಡಚಿ ಕುಳಿತಿದ್ದ ಹೆಣ್ಣು ಚಿಗರಿಯಷ್ಟೇ ಇತ್ತು. ಮೊಮ್ಮಗಳು ಅದರಲ್ಲಿ ಕುಳಿತು ನೋಡಿದಳು.

ಬಿಸಿಲು ಇಳಿದಾಗ ಅವು ಬಂದವು. ಮೊದಲು ದೂರದ ಬದುವಿನಾಚೆ ಒಂದು ಕತ್ತು, ಆಮೇಲೆ ನಾಲ್ಕು, ಆಮೇಲೆ ಎಣಿಸಲಾಗದಷ್ಟು. ಮುಂದೆ ಎರಡು ಕಪ್ಪು ಗಂಡುಗಳು. ಮಕ್ಕಳು ಉಸಿರು ಬಿಡಲಿಲ್ಲ. ಹಿಂಡು ನಿಂತು ಗಾಳಿ ಮೂಸಿತು, ಒಂದೊಂದೇ ಹೆಜ್ಜೆಯಿಟ್ಟು ಕಡಲೆಯೊಳಗೆ ಇಳಿಯಿತು. ನಾನೂ ನೋಡುತ್ತ ನಿಂತಿದ್ದೆ. ಅಷ್ಟು ಚೆಲುವಾದದ್ದನ್ನು ಇತ್ತೀಚೆಗೆ ಕಂಡಿರಲಿಲ್ಲ, ಮತ್ತು ಅದು ಮೇಯುತ್ತಿದ್ದದ್ದು ನನ್ನ ತಮ್ಮನ ವರ್ಷದ ಗಳಿಕೆಯನ್ನು.

ತಮ್ಮ ಬಾಯಿಗೆ ಎರಡೂ ಕೈ ಹಿಡಿದು ಹೋ ಎಂದು ಕೂಗಿದ. ಹಿಂಡು ತಲೆಯೆತ್ತಿತು, ಓಡಲಿಲ್ಲ. ಅವನ ದನಿ ಅವುಗಳಿಗೆ ಪರಿಚಿತ. ಆಗ ಮೊಮ್ಮಗಳು, ಬೆಳಿಗ್ಗೆ ಕಂಬಿಗೆ ಹಣೆ ಹಚ್ಚಿ ಮುಕ್ಕಾಲು ತಾಸು ನಿಂತವಳು, ಸಣ್ಣಜ್ಜನ ಪಕ್ಕಕ್ಕೆ ಓಡಿಹೋಗಿ ಅವನ ಹಾಗೆಯೇ ಕೈ ಹಿಡಿದು ಕೂಗಿದಳು. ಸಣ್ಣವನೂ ಕೂಗಿದ. ಮಗಳು ಕೂಗಿದಳು. ನನ್ನ ಪತ್ನಿ ಬುತ್ತಿಯ ಖಾಲಿ ಡಬ್ಬಿಯನ್ನು ಚಮಚೆಯಿಂದ ಬಡಿದಳು. ತಮ್ಮ ತಿರುಗಿ ನನ್ನನ್ನು ನೋಡಿದ. ನಾನೂ ಕೂಗಿದೆ, ಮೊದಲ ಸಲ ದನಿ ಹೊರಡಲಿಲ್ಲ, ಎರಡನೆಯ ಸಲ ಹೊರಟಿತು.

ಹಿಂಡು ಒಮ್ಮೆಗೇ ಹಾರಿತು. ಅವು ಓಡುವುದಿಲ್ಲ, ಹಾರುತ್ತವೆ. ನಾಲ್ಕು ಕಾಲೂ ನೆಲ ಬಿಟ್ಟು, ಒಂದರ ಮೇಲೊಂದು, ಅಮ್ಮನ ಸೀರೆಯ ಮೇಲಿಂದ ದಾಟಿ, ಪಕ್ಕದವರ ಹೊಲಕ್ಕೆ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ತಾಟು ಬಡಿಯುವ ಸದ್ದು ಕೇಳಿಸಿತು.

ಮಕ್ಕಳು ಇನ್ನೊಮ್ಮೆ, ಇನ್ನೊಮ್ಮೆ ಎಂದು ಕುಣಿಯುತ್ತಿದ್ದರು. ಗಾಡಿಯ ಕಡೆ ನಡೆಯುವಾಗ ನೋಡಿದರೆ ಪಡುವಣದಲ್ಲಿ ಹೊತ್ತು ಮುಳುಗಿಯಾಗಿತ್ತು. ಮನೆಗೆ ಹೋಗಿ ಮಕ್ಕಳಿಗೆ ಹಾಲು ಅನ್ನ ಕಲಸಿ ಉಣಿಸಿದೆವು. ದೊಡ್ಡವರು ಆ ರಾತ್ರಿ ಉಪವಾಸ. ಎಂಟಕ್ಕೆ ತಮ್ಮ ಕಂಬಳಿ, ಬ್ಯಾಟರಿ ತೆಗೆದುಕೊಂಡು ಹೊಲಕ್ಕೆ ಹೊರಟಾಗ ನಾನು ಚಪ್ಪಲಿ ಮೆಟ್ಟಿದೆ. “ಚಳಿ ಭಾಳ ಐತಿ, ಟೊಪ್ಪಿಗಿ ತೊಗೊ” ಎಂದನೇ ಹೊರತು ಬೇರೆ ಏನೂ ಹೇಳಲಿಲ್ಲ.